ತಂದೆಯ ದನಿಯಿಂದ ಹೊರಬಂದ ಮಗ: ಒಬ್ಬ ಸದರ್ನ್ ರಾಕ್ ಮತ್ತು ಕಂಟ್ರಿ ಗಾಯಕನ ಪ್ರಕರಣ ಅಧ್ಯಯನ

ಈ ಅಧ್ಯಯನದ ಗಾಯಕನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆತನ ತಂದೆ, ತಾಯಿ, ಮಕ್ಕಳ ಹೆಸರನ್ನೂ ಬರೆಯುತ್ತಿಲ್ಲ. ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ ಕಂಟ್ರಿ ಸಂಗೀತ ಬಲ್ಲವರು ನಾಲ್ಕು ಸಾಲು ಓದುವಷ್ಟರಲ್ಲಿ ಗುರುತು ಹಿಡಿದಾರು, ಹಿಡಿದರೆ ತೊಂದರೆಯೇನಿಲ್ಲ. ಇಲ್ಲಿರುವುದೆಲ್ಲ ಸಾರ್ವಜನಿಕವಾಗಿ ದಾಖಲಾದ ಸಂಗತಿಗಳೇ. ಹೆಸರು ಬಿಟ್ಟದ್ದಕ್ಕೆ ಕಾರಣ ಬೇರೆ. ಈ ಮನುಷ್ಯನ ಬದುಕಿನ ಮೊದಲ ಇಪ್ಪತ್ತೈದು ವರ್ಷದ ಕಷ್ಟವೆಲ್ಲ ಹೆಸರಿನಿಂದಲೇ ಬಂದದ್ದು. ಹೆಸರು ಹೇಳಿದ ಕೂಡಲೇ ಕೇಳುವವರ ಮನಸ್ಸು ತಂದೆಯ ಕಡೆಗೆ ಓಡುತ್ತಿತ್ತು. ಇಲ್ಲಾದರೂ ಮಗನನ್ನು ಮಗನಾಗಿಯೇ ನೋಡೋಣ.

ಈತನ ಬದುಕನ್ನು ಸಾಮಾನ್ಯವಾಗಿ ಹೇಳುವ ರೀತಿ ಒಂದಿದೆ: ತಂದೆಯ ನೆರಳಲ್ಲಿದ್ದ ಮಗ ಬೆಟ್ಟದಿಂದ ಬಿದ್ದ, ಮುಖ ಜಜ್ಜಿಹೋಯಿತು, ಎದ್ದಾಗ ಹೊಸ ಮನುಷ್ಯನಾಗಿದ್ದ. ಕೇಳಲು ಚೆನ್ನಾಗಿದೆ. ಆದರೆ ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿದರೆ ನಡೆದದ್ದು ಹಾಗಲ್ಲ. ದಾರಿ ಬದಲಿಸುವ ನಿರ್ಧಾರ ಬೀಳುವ ಮೊದಲೇ ಆಗಿತ್ತು, ಹೊಸ ಹಾಡುಗಳು ಬೀಳುವ ಮೊದಲೇ ಧ್ವನಿಮುದ್ರಣವಾಗಿದ್ದವು. ಮಕ್ಕಳಿಗೆ ಸಂಗೀತ ಕಲಿಸುವವರು, ಕಲಾವಿದರ ಮನೆಯಲ್ಲಿ ಹುಟ್ಟಿದವರು ಗಮನಿಸಬೇಕಾದ ಸಂಗತಿ ಇದೇ ಎಂದು ನನಗನ್ನಿಸುತ್ತದೆ. ಇನ್ನೊಬ್ಬರ ಅಪಘಾತದಿಂದ ಕಲಿಯಲು ಹೆಚ್ಚೇನೂ ಇರುವುದಿಲ್ಲ, ಇನ್ನೊಬ್ಬರ ನಿರ್ಧಾರದಿಂದ ಕಲಿಯಲು ಬಹಳ ಇರುತ್ತದೆ.

ಹಿನ್ನೆಲೆ

ತಂದೆ ಅಲಬಾಮಾ ರಾಜ್ಯದ ಬಡ ಕುಟುಂಬದಿಂದ ಬಂದವರು. ಹುಡುಗನಾಗಿದ್ದಾಗ ಬೀದಿಯಲ್ಲಿ ಹಾಡುತ್ತಿದ್ದ ಒಬ್ಬ ಕಪ್ಪು ಸಂಗೀತಗಾರನ ಹಿಂದೆ ಸುತ್ತಿ ಗಿಟಾರ್ ಕಲಿತರು, ಕಪ್ಪು ಜನರ ನೋವಿನ ಹಾಡುಗಾರಿಕೆಯಾದ ಬ್ಲೂಸ್ ಕಲಿತರು. 1940ರ ದಶಕ ಮುಗಿಯುವ ಹೊತ್ತಿಗೆ ಕಂಟ್ರಿ ಸಂಗೀತದ ದೊಡ್ಡ ಹೆಸರುಗಳಲ್ಲಿ ಅವರದೂ ಒಂದಾಗಿತ್ತು. ಅವರ 11 ಹಾಡುಗಳು ಕಂಟ್ರಿ ಪಟ್ಟಿಯಲ್ಲಿ, ಅಂದರೆ ಜನಪ್ರಿಯ ಕಂಟ್ರಿ ಹಾಡುಗಳ ವಾರದ ಪಟ್ಟಿಯಲ್ಲಿ, ಮೊದಲ ಸ್ಥಾನಕ್ಕೆ ಬಂದವು. ಸರಳ ಮಾತು, ಸರಳ ಮಟ್ಟು, ಸಾಲಿನ ನಡುವೆ ತಟ್ಟನೆ ಒಡೆದು ಮೇಲಿನ ಸ್ಥಾಯಿಗೆ ಹಾರುವ ದನಿ. ಆ ಒಡಕಿನಲ್ಲೇ ಜನ ತಮ್ಮ ಸಂಕಟವನ್ನು ಕೇಳಿಸಿಕೊಂಡರು.

ಬೆನ್ನುಹುರಿಯಲ್ಲಿ ಹುಟ್ಟಿನಿಂದ ಬಂದ ದೋಷವಿತ್ತು. ನೋವಿಗೆ ಮದ್ದು, ಮದ್ದಿನ ಜೊತೆ ಕುಡಿತ. 1952ರಲ್ಲಿ ಮದುವೆ ಮುರಿಯಿತು. ಅದೇ ವರ್ಷ, ಕಂಟ್ರಿ ಸಂಗೀತೋದ್ಯಮದ ಕೇಂದ್ರವಾದ ನ್ಯಾಶ್‌ವಿಲ್ ನಗರದ ಗ್ರ್ಯಾಂಡ್ ಓಲ್ ಆಪ್ರಿ ಅವರನ್ನು ಕೈಬಿಟ್ಟಿತು. ಪ್ರತಿ ಶನಿವಾರ ರಾತ್ರಿ ರೇಡಿಯೋದಲ್ಲಿ ದೇಶದ ಉದ್ದಗಲಕ್ಕೂ ಕೇಳುತ್ತಿದ್ದ ಆ ವೇದಿಕೆ ಕಂಟ್ರಿ ಗಾಯಕರ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಮನ್ನಣೆ. 1953ರ ಜನವರಿ 1ರಂದು, ಕಾರ್ಯಕ್ರಮಕ್ಕೆ ಹೋಗುತ್ತಿದ್ದ ದಾರಿಯಲ್ಲೇ, ಕಾರಿನ ಹಿಂದಿನ ಸೀಟಿನಲ್ಲಿ ತೀರಿಕೊಂಡರು. ವಯಸ್ಸು 29.

ಮಗ ಹುಟ್ಟಿದ್ದು 1949ರ ಮೇ ತಿಂಗಳಲ್ಲಿ. ತಂದೆ ಹೋದಾಗ ಮೂರೂವರೆ ವರ್ಷ. ತಂದೆಯ ಕುರಿತು ಆತನಿಗಿದ್ದ ಸ್ವಂತ ನೆನಪು ಎಷ್ಟಿದ್ದೀತು? ಮಿಕ್ಕದ್ದೆಲ್ಲ ಬೇರೆಯವರ ನೆನಪು. ಮನೆ ತುಂಬ ತಂದೆಯ ಚಿತ್ರ, ಉಡುಪು, ಗಿಟಾರ್, ಅವರನ್ನು ಬಲ್ಲವರ ಮಾತು. ಸಂಗೀತ ಕಲಿಯಲು ಮಾತ್ರ ಅಂಥ ಮನೆ ಇನ್ನೊಂದು ಸಿಗಲಾರದು. ಬ್ಯಾಂಜೊ ತೋರಿಸಿಕೊಡಲು ಅರ್ಲ್ ಸ್ಕ್ರಗ್ಸ್, ಪಿಯಾನೊಗೆ ಜೆರ್ರಿ ಲೀ ಲೂಯಿಸ್. ಹುಡುಗ ಕೈಗೆ ಸಿಕ್ಕ ವಾದ್ಯವನ್ನೆಲ್ಲ ನುಡಿಸಬಲ್ಲವನಾದ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. ಪ್ರತಿಭೆಯ ಕೊರತೆ ಈ ಪ್ರಕರಣದಲ್ಲಿ ಯಾವ ಹಂತದಲ್ಲೂ ಇರಲಿಲ್ಲ.

ಸಮಸ್ಯೆ ಹೇಗೆ ಬೆಳೆಯಿತು

ಎಂಟನೇ ವಯಸ್ಸಿಗೆ ತಾಯಿ ಮಗನನ್ನು ವೇದಿಕೆ ಹತ್ತಿಸಿದರು. ಹನ್ನೊಂದಕ್ಕೆ ಆತ ತಂದೆ ನಿಂತ ಆಪ್ರಿಯ ವೇದಿಕೆಯಲ್ಲೇ ನಿಂತು ತಂದೆಯ ಹಾಡನ್ನೇ ಹಾಡಿದ. ಜನ್ಮಕ್ಕೆ ಇಟ್ಟ ಹೆಸರಿನಲ್ಲಿ ‘ಜೂನಿಯರ್’ ಎಂಬುದಿರಲಿಲ್ಲ. ತಂದೆಯ ಹೆಸರನ್ನು ಮುಂದಿಟ್ಟು ಹಿಂದೆ ಅದನ್ನು ಅಂಟಿಸಿದ್ದು ವೇದಿಕೆಗಾಗಿ. ಮಗುವಿನ ಮೈಗೆ ಅಳತೆ ಮಾಡಿದ ಪುಟ್ಟ ಸೂಟು, ಹ್ಯಾಟು, ಗಿಟಾರ್. ಸಭಾಂಗಣ ಅಳುತ್ತಿತ್ತು. ತೀರಿಹೋದವರು ಎದ್ದು ಬಂದಂತೆ ಜನರಿಗೆ ಅನ್ನಿಸುತ್ತಿತ್ತು.

ತಾಯಿಯನ್ನು ದೂರುವುದು ಸುಲಭ, ಅನೇಕರು ದೂರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಆಕೆಗೂ ಹಾಡುವ ಆಸೆಯಿತ್ತು, ಆಕೆಯ ಗಂಟಲಿಗೆ ಜನ ಒಲಿಯಲಿಲ್ಲ. ಗಂಡಸರೇ ನಡೆಸುತ್ತಿದ್ದ ಆ ಕಾಲದ ನ್ಯಾಶ್‌ವಿಲ್‌ನಲ್ಲಿ ಒಬ್ಬ ಹೆಂಗಸು ತಂಡ ಕಟ್ಟಿ, ಊರೂರು ಸುತ್ತಿ, ಮನೆ ನಡೆಸಿದಳು. ಆಕೆಯ ಕೈಲಿದ್ದ ಬಂಡವಾಳ ಎರಡೇ: ಆ ಹೆಸರು, ಆ ಮಗು. ಹಾಗೆಂದು ಮಗುವಿನ ಪಾಲಿಗೆ ಆದದ್ದು ಕಡಿಮೆಯಾಗುವುದಿಲ್ಲ. ಚಪ್ಪಾಳೆ ಬರುವುದು ತಂದೆಯಂತೆ ಹಾಡಿದಾಗ ಎಂಬುದನ್ನು ಎಂಟು ವರ್ಷದ ಹುಡುಗ ಬಹಳ ಬೇಗ ಕಲಿತುಬಿಡುತ್ತಾನೆ. ಕಲಿತದ್ದನ್ನು ಬಿಡಲು ಆತನಿಗೆ ಹದಿನೇಳು ವರ್ಷ ಹಿಡಿಯಿತು.

ರೆಕಾರ್ಡ್ ಕಂಪನಿ ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿತು. 1964ರಲ್ಲಿ, ಹದಿನಾಲ್ಕರ ವಯಸ್ಸಿಗೆ ಮೊದಲ ರೆಕಾರ್ಡ್. ಅದೂ ತಂದೆಯ ಹಾಡು, ಕಂಟ್ರಿ ಪಟ್ಟಿಯಲ್ಲಿ ಮೊದಲ ಐದರೊಳಗೆ ಬಂತು. ಅದೇ ವರ್ಷ ತಂದೆಯ ಬದುಕಿನ ಮೇಲೆ ಬಂದ ಹಾಲಿವುಡ್ ಚಿತ್ರದಲ್ಲಿ ನಟ ಬಾಯಾಡಿಸಿದ, ಹಾಡಿದ್ದು ಮಗ. ಮರುವರ್ಷ, 1965ರಲ್ಲಿ, ಸತ್ತ ತಂದೆಯ ಹಳೆಯ ಧ್ವನಿಮುದ್ರಣಗಳಿಗೆ ಮಗನ ದನಿಯನ್ನು ಸ್ಟುಡಿಯೋದಲ್ಲಿ ಜೋಡಿಸಿ ‘ಅಪ್ಪ ಮಗ ಕೂಡಿ ಹಾಡಿದ’ ಆಲ್ಬಂ ಹೊರತಂದರು. ಒಂದು ಕ್ಷಣ ಇದನ್ನು ಹುಡುಗನ ಕಡೆಯಿಂದ ನೋಡಿ. ಕಿವಿಯಲ್ಲಿ ಹೆಡ್‌ಫೋನ್, ಹೆಡ್‌ಫೋನಿನಲ್ಲಿ ಹನ್ನೆರಡು ವರ್ಷದ ಹಿಂದೆ ತೀರಿಕೊಂಡ ಅಪ್ಪ. ಅಪ್ಪ ಎಲ್ಲಿ ಎಳೆದರೆ ಅಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಿದರೆ ಅಲ್ಲಿ ನಿಲ್ಲಿಸಬೇಕು. ಆ ಹಾಡಿನ ಲಯವನ್ನು ಬದಲಿಸಲು ಬರುವಂತಿರಲಿಲ್ಲ, ಏಕೆಂದರೆ ಎದುರಿನ ಗಾಯಕ ಇನ್ನು ಎಂದಿಗೂ ಬದಲಾಗುವವನಲ್ಲ.

ಸಮಸ್ಯೆಯನ್ನು ಇಷ್ಟರಲ್ಲಿ ಹೇಳಬಹುದು. ಆದಾಯ, ಹೆಸರು, ಜನರ ಪ್ರೀತಿ ಎಲ್ಲವೂ ಆತನಿಗೆ ಸಿಗುತ್ತಿತ್ತು, ಆತ ತಾನಾಗಿರದಿದ್ದಷ್ಟು ಹೊತ್ತು ಮಾತ್ರ.

ಮೊದಲು ಮಾಡಿದ ಪ್ರಯತ್ನಗಳು

ಹುಡುಗ ಸುಮ್ಮನೆ ಕೂತಿರಲಿಲ್ಲ. ಹದಿಹರೆಯದಲ್ಲೇ ಬೇರೆ ಹೆಸರಿಟ್ಟುಕೊಂಡು ರಾಕ್ ಅಂಡ್ ರೋಲ್ ಹಾಡಿ ನೋಡಿದ. ಗೆಳೆಯರೆಲ್ಲ ಕೇಳುತ್ತಿದ್ದದ್ದು ಅದನ್ನೇ. ಅದು ಮುಂದಕ್ಕೆ ಹೋಗಲಿಲ್ಲ. 1966ರಲ್ಲಿ ನೆರಳಿನಲ್ಲಿ ನಿಂತಿರುವ ಮಗನ ಕುರಿತು ತಾನೇ ಹಾಡು ಬರೆದ. ಸ್ವಂತ ಸಂಕಟದ ಹಾಡು, ಜನಪ್ರಿಯವೂ ಆಯಿತು. ಆದರೆ ಅದೂ ತಂದೆಯ ಮೇಲಿನ ಹಾಡೇ ಆಯಿತು. ಬಳಿಕ ಅರ್ಧ ಮಾತು ಅರ್ಧ ಹಾಡಿನ ನೀತಿಗೀತಗಳನ್ನು ಇನ್ನೊಂದು ಗುಪ್ತನಾಮದಲ್ಲಿ ತಂದರು. ಆ ಗುಪ್ತನಾಮ ಯಾವುದು? ತಂದೆ ಅಂಥದೇ ಗೀತಗಳಿಗೆ ಬಳಸಿದ ಗುಪ್ತನಾಮ, ಅದರ ಕೊನೆಗೆ ಮತ್ತೆ ಜೂನಿಯರ್. ಮರೆಮಾಚಿಕೊಳ್ಳಲು ಹಾಕಿದ ಮುಖವಾಡ ಕೂಡ ತಂದೆಯದೇ. ಈ ಪ್ರಕರಣದಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿಗಳಲ್ಲಿ ಇದೊಂದು.

ವಯಸ್ಸಿಗೆ ಬಂದ ಮೇಲೆ ತಾಯಿಯ ಆಡಳಿತದಿಂದ ಹೊರಬಂದ. 1970ರಲ್ಲಿ ಮೊದಲ ಬಾರಿಗೆ ಆತನ ಹಾಡು ಕಂಟ್ರಿ ಪಟ್ಟಿಯ ತುದಿ ಮುಟ್ಟಿತು. 1972ರಲ್ಲಿ ಇನ್ನೊಂದು. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ಸಂಗೀತ ಕೇಳಿದರೆ ತಿಳಿಯುತ್ತದೆ. ಅದು ಆ ದಿನಗಳ ನ್ಯಾಶ್‌ವಿಲ್ ಮಾಡುತ್ತಿದ್ದ ನಯವಾದ ಸಂಗೀತ: ಹಿಂದೆ ಪಿಟೀಲುಗಳ ಗುಂಪು, ಕೋರಸ್, ಯಾವ ಮೂಲೆಯಲ್ಲೂ ಒರಟುತನವಿಲ್ಲ. ಹಾಡಿದವರು ಯಾರೇ ಆಗಿದ್ದರೂ ನಡೆಯುತ್ತಿತ್ತು.

ಒಳಗೆ ಆತ ತಂದೆಯ ಇನ್ನೊಂದು ಆಸ್ತಿಯನ್ನೂ ಪಡೆದಾಗಿತ್ತು. ಕುಡಿತ, ಮಾತ್ರೆ, ಮುರಿದ ಸಂಸಾರ. 1974ರಲ್ಲಿ ಪ್ರಾಣ ಕಳೆದುಕೊಳ್ಳಲು ಪ್ರಯತ್ನಿಸಿ ಬದುಕುಳಿದ. ವಯಸ್ಸು ಇಪ್ಪತ್ತೈದು. ಚಿಕಿತ್ಸೆ ಮಾಡಿದ ವೈದ್ಯರು ಸುತ್ತುಬಳಸದೆ ಮಾತಾಡಿದ್ದನ್ನು ಆತನೇ ಮುಂದೆ ಹೇಳಿಕೊಂಡಿದ್ದಾನೆ. ತಂದೆಯಂತೆ ಹಾಡಲು, ತಂದೆಯಂತೆ ನಡೆಯಲು ಕಲಿಸಿದವರು ತಂದೆಯಂತೆ ಸಾಯುವುದನ್ನೂ ಕಲಿಸಿದ್ದಾರೆ, ಈ ಊರು ಬಿಡು, ಎಂಬುದು ಆ ಮಾತಿನ ತಿರುಳು.

ನಿರ್ಧಾರ

ಆತ ನ್ಯಾಶ್‌ವಿಲ್ ಬಿಟ್ಟ. ಈ ಪ್ರಕರಣದ ನಿಜವಾದ ತಿರುವು ಇದು. ಉತ್ತರ ಅಲಬಾಮಾದ ಒಂದು ಸಣ್ಣ ಊರಿಗೆ ಹೋಗಿ ನೆಲೆಸಿದ. ಹೊಸ ಮ್ಯಾನೇಜರನ್ನು ಗೊತ್ತುಮಾಡಿಕೊಂಡ. ತಂದೆಯ ಹಾಡಿನ ಕಾರ್ಯಕ್ರಮಗಳು ತರುತ್ತಿದ್ದ ಹಣವನ್ನು ಕೈಬಿಡಲು ಒಪ್ಪಿಕೊಂಡ. ಹಾಡುವುದನ್ನು ಬಿಡಲಿಲ್ಲ, ಕಂಟ್ರಿ ಸಂಗೀತವನ್ನೂ ಬಿಡಲಿಲ್ಲ. ಬಿಟ್ಟದ್ದು ಊರನ್ನು ಮತ್ತು ಊರಿನ ಜೊತೆಗಿದ್ದ ಕೇಳುಗರನ್ನು.

ಹೋದ ಊರಿನಿಂದ ಮಸಲ್ ಶೋಲ್ಸ್ ಹೆಚ್ಚು ದೂರವಿಲ್ಲ. ಟೆನೆಸ್ಸೀ ನದಿಯ ದಂಡೆಯ ಈ ಪುಟ್ಟ ಊರನ್ನು ಸಂಗೀತದ ಭೂಪಟದಲ್ಲಿ ನಿಲ್ಲಿಸಿದ್ದು ಅಲ್ಲಿನ ಸ್ಟುಡಿಯೋಗಳು. ಅರೀಥಾ ಫ್ರಾಂಕ್ಲಿನ್, ವಿಲ್ಸನ್ ಪಿಕೆಟ್‌ರಂಥ ಕಪ್ಪು ಗಾಯಕರು ಹಾಡಿದ್ದು, ಹಿಂದೆ ಸ್ಥಳೀಯ ಬಿಳಿಯ ವಾದಕರು ನುಡಿಸಿದ್ದು ಇಲ್ಲಿ. ಜನಾಂಗಗಳನ್ನು ಬೇರ್ಪಡಿಸಿದ ಕಾನೂನುಗಳ ಬಿಸಿ ಆರದಿದ್ದ ಕಾಲದಲ್ಲಿ. ಡುಯೇನ್ ಆಲ್‌ಮನ್ ಎಂಬ ಯುವಕ ಇಲ್ಲೇ ಬಾಡಿಗೆ ಗಿಟಾರಿಗನಾಗಿ ನುಡಿಸಿ, 1969ರಲ್ಲಿ ತಮ್ಮ ಗ್ರೆಗ್ ಜೊತೆ ಆಲ್‌ಮನ್ ಬ್ರದರ್ಸ್ ತಂಡ ಕಟ್ಟಿದ. ತಂಡ ಜಾರ್ಜಿಯಾದ ಮೇಕನ್ ಊರಿನಲ್ಲಿ ನೆಲೆಯೂರಿತು. ಅದೇ ಊರಿನ ಕ್ಯಾಪ್ರಿಕಾರ್ನ್ ರೆಕಾರ್ಡ್ಸ್ ಸುತ್ತ ಇನ್ನೂ ಹಲವು ತಂಡಗಳು ಬೆಳೆದವು. ಎರಡು ಗಿಟಾರುಗಳು ಒಂದೇ ಮಟ್ಟನ್ನು ಕೆಲವು ಸ್ವರಗಳ ಅಂತರದಲ್ಲಿ ಜೊತೆಯಾಗಿ ನುಡಿಸುವುದು, ಬೆರಳಿಗೆ ಗಾಜಿನ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸುವುದು, ಬ್ಲೂಸ್, ಕಂಟ್ರಿ, ಜಾಜ್ ಮೂರನ್ನೂ ನಾಚಿಕೆಯಿಲ್ಲದೆ ಬೆರೆಸಿ ಹತ್ತು ಹದಿನೈದು ನಿಮಿಷ ಮನೋಧರ್ಮದಲ್ಲಿ ಹರಿಯಬಿಡುವುದು. ಇದನ್ನು ಜನ ಸದರ್ನ್ ರಾಕ್ ಎಂದು ಕರೆದರು.

ನಮ್ಮ ಗಾಯಕನಿಗೆ ಇವರೆಲ್ಲ ಓರಗೆಯವರು. ತಂದೆಯ ಹಾಡುಗಳನ್ನು ಕೇಳುತ್ತ ಬೆಳೆದವರು, ಆದರೆ ಆ ಹಾಡುಗಳಿಗೆ ಕೈಮುಗಿದು ನಿಂತವರಲ್ಲ. 1975ರಲ್ಲಿ ಆತ ಮಸಲ್ ಶೋಲ್ಸ್‌ನಲ್ಲಿ ಹೊಸ ಆಲ್ಬಂಗೆ ಕೂತಾಗ ಪಕ್ಕದಲ್ಲಿದ್ದವರು ಮಾರ್ಷಲ್ ಟಕರ್ ಬ್ಯಾಂಡಿನ ಟಾಯ್ ಕಾಲ್ಡ್‌ವೆಲ್, ಆಲ್‌ಮನ್ ಬ್ರದರ್ಸ್‌ನ ಪಿಯಾನೊ ವಾದಕ ಚಕ್ ಲೆವೆಲ್, ಫಿಡ್ಲ್ (ಪಿಟೀಲು) ಹಿಡಿದ ಚಾರ್ಲಿ ಡೇನಿಯಲ್ಸ್. ಕಾಲ್ಡ್‌ವೆಲ್ ಪಿಕ್ ಬಳಸದೆ ಹೆಬ್ಬೆರಳಿನಿಂದ ತಂತಿ ಮೀಟುತ್ತಿದ್ದ. ಆ ನಾದಕ್ಕೆ ಒಂದು ದುಂಡುತನ, ಮಾಂಸಲತೆ ಇದೆ. ಅದರ ಎದುರು ಹಾಡುವವನು ಸಣ್ಣ ದನಿಯಲ್ಲಿ ತಂದೆಯ ಅನುಕರಣೆ ಮಾಡುತ್ತ ನಿಂತರೆ ನಡೆಯುವುದಿಲ್ಲ. ಆ ಆಲ್ಬಂ ಕೇಳಿದರೆ ಇದು ಸ್ಪಷ್ಟ. ದನಿ ಮೂಗಿನಿಂದ ಎದೆಗೆ ಇಳಿದಿದೆ. ಪದಗಳನ್ನು ಅವಸರವಿಲ್ಲದೆ ಬಿಡುತ್ತಾನೆ, ಒಡೆಯುವ ದನಿಯ ಹಳೆಯ ವರಸೆಗೆ ಕೈಹಾಕುವುದು ಕಡಿಮೆ. ಗಿಟಾರ್ ಮಾತಾಡುವಾಗ ಸುಮ್ಮನಿರುತ್ತಾನೆ. ಅವನ ಹಿಂದಿನ ರೆಕಾರ್ಡುಗಳಲ್ಲಿ ಸುಮ್ಮನಿರುವುದಕ್ಕೆ ಜಾಗವೇ ಇರಲಿಲ್ಲ.

ಆ ಆಲ್ಬಂನ ಧ್ವನಿಮುದ್ರಣ ನಡೆದದ್ದು 1975ರ ಆಗಸ್ಟ್‌ಗಿಂತ ಮುಂಚೆ.

ಬೆಟ್ಟ

1975ರ ಆಗಸ್ಟ್ 8. ಮೊಂಟಾನಾ ಗಡಿಯ ಏಜಾಕ್ಸ್ ಶಿಖರ. ಹಿಮದ ಹಾಸು ಕಾಲ ಕೆಳಗೆ ಕುಸಿದು ಆತ ಸುಮಾರು 500 ಅಡಿ ಕೆಳಕ್ಕೆ ಬಂಡೆಗಳ ಮೇಲೆ ಉರುಳಿದ. ತಲೆಬುರುಡೆ ಸೀಳಿತು, ಮುಖದ ಮೂಳೆಗಳು ನುಚ್ಚುನೂರಾದವು. ಬದುಕುವುದೇ ಅನುಮಾನವಾಗಿತ್ತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಹಾಸಿಗೆಯ ಪಕ್ಕ ಕಂಟ್ರಿ ಗಾಯಕ ದಂಪತಿ ಜಾನಿ ಕ್ಯಾಶ್ ಮತ್ತು ಜೂನ್ ಕಾರ್ಟರ್ ಇದ್ದರು. ಶಸ್ತ್ರಚಿಕಿತ್ಸೆಗಳು ಎರಡು ವರ್ಷ ನಡೆದವು. ಮಾತಾಡುವುದನ್ನು, ಹಾಡುವುದನ್ನು ಮತ್ತೆ ಕಲಿಯಬೇಕಾಯಿತು. ಅದೇ ನವೆಂಬರ್‌ನಲ್ಲಿ, ಮಗ ಚೇತರಿಸಿಕೊಳ್ಳುವ ಮೊದಲೇ, ತಾಯಿ ತೀರಿಕೊಂಡರು. ಡಿಸೆಂಬರ್‌ನಲ್ಲಿ ಆಲ್ಬಂ ಬಿಡುಗಡೆಯಾಯಿತು.

ಗಾಯದ ಗುರುತು ಮುಚ್ಚಲು ಗಡ್ಡ ಬಿಟ್ಟ, ಕಪ್ಪು ಕನ್ನಡಕ ಹಾಕಿದ, ಕೌಬಾಯ್ ಹ್ಯಾಟ್ ಹಣೆಯವರೆಗೆ ಇಳಿಸಿದ. ಇಂದಿಗೂ ಜಗತ್ತಿಗೆ ಗೊತ್ತಿರುವ ಮುಖ ಅದೇ. ತಂದೆಗೆ ಹೋಲುತ್ತಿದ್ದ ನುಣ್ಣನೆಯ ಮುಖ ಹೋಯಿತು. ‘ಥೇಟ್ ಅಪ್ಪನ ಹಾಗೇ ಇದ್ದಾನೆ’ ಎಂದು ಕಣ್ಣೊರೆಸಿಕೊಳ್ಳಲು ಬಂದವರಿಗೆ ಈಗ ಏನೂ ಕಾಣುತ್ತಿರಲಿಲ್ಲ.

ಬೆಟ್ಟ ಮಾಡಿದ ಕೆಲಸ ಇಷ್ಟೇ ಎಂದು ನನ್ನ ತೀರ್ಮಾನ: ಹಿಂದಕ್ಕೆ ಹೋಗುವ ದಾರಿಯನ್ನು ಅದು ಮುಚ್ಚಿತು. ಆಲ್ಬಂ ಸೋತಿದ್ದರೆ, ಹಣಕ್ಕೆ ತಾಪತ್ರಯವಾಗಿದ್ದರೆ, ಇಪ್ಪತ್ತಾರರ ಯುವಕ ಮತ್ತೆ ಸೂಟು ತೊಟ್ಟು ತಂದೆಯ ಹಾಡಿಗೆ ಮರಳುವ ಸಾಧ್ಯತೆ ಇದ್ದೇ ಇತ್ತು. ಬಿದ್ದ ಮೇಲೆ ಆ ಸಾಧ್ಯತೆ ಉಳಿಯಲಿಲ್ಲ. ಆದರೆ ಮುಂದಿನ ದಾರಿಯನ್ನು ಬೆಟ್ಟ ತೋರಿಸಲಿಲ್ಲ. ಅದು ಆಗಲೇ ಟೇಪಿನ ಮೇಲಿತ್ತು. ಬೀಳುವ ಮೊದಲು ಆ ಟೇಪು ಇಲ್ಲದೇ ಹೋಗಿದ್ದರೆ, ಆಸ್ಪತ್ರೆಯಿಂದ ಹೊರಬಂದವನ ಕೈಯಲ್ಲಿ ಹಳೆಯ ಮುಖವೂ ಇಲ್ಲ, ಹೊಸ ದನಿಯೂ ಇಲ್ಲ ಎಂಬ ಸ್ಥಿತಿ ಇರುತ್ತಿತ್ತು.

ಯಾರೂ ಬರೆಯದ ನಾಲ್ಕು ವರ್ಷ

ಬಿದ್ದ, ಎದ್ದ, ಗೆದ್ದ ಎಂದು ಹೇಳುವವರು 1975ರಿಂದ ನೇರ 1979ಕ್ಕೆ ಜಿಗಿಯುತ್ತಾರೆ. ನಡುವಿನ ನಾಲ್ಕು ವರ್ಷ ಸೋಲಿನ ವರ್ಷಗಳು, ಮತ್ತು ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಅತ್ಯಂತ ಬೆಲೆಬಾಳುವ ಭಾಗ.

ಹೊಸ ಕಂಪನಿಗೆ ಹೋದ. 1977ರಲ್ಲೇ ಎರಡು ಆಲ್ಬಂ ಬಂದವು, ಎರಡೂ ದೊಡ್ಡ ಸದ್ದು ಮಾಡಲಿಲ್ಲ. ರಾಕ್ ಕೇಳುವವರಿಗೆ ಆತ ಹಳೆಯ ಕಂಟ್ರಿ ಮನೆತನದ ಹುಡುಗ. ಕಂಟ್ರಿ ರೇಡಿಯೋಗಳಿಗೆ ಈ ಸದ್ದು ಅತಿಯಾಯಿತು. ಕಾರ್ಯಕ್ರಮಕ್ಕೆ ಬಂದವರು ತಂದೆಯ ಹಾಡು ಕೇಳಲು ಬಂದವರು. ಗಿಟಾರ್ ಗುಡುಗಲು ಶುರುವಾದ ಮೇಲೆ ಎದ್ದು ಹೋಗುತ್ತಿದ್ದರು. ಮುಖದ ನೋವು ಇನ್ನೂ ಮಾಗಿಲ್ಲದ ಮನುಷ್ಯ, ಖಾಲಿಯಾಗುತ್ತಿರುವ ಕುರ್ಚಿಗಳ ಎದುರು ರಾತ್ರಿಯಿಂದ ರಾತ್ರಿಗೆ ಹಾಡುವುದನ್ನು ಊಹಿಸಿಕೊಳ್ಳಿ. ತಂದೆಯ ಹಾಡನ್ನು ಎತ್ತಿಕೊಂಡಿದ್ದರೆ ಕುರ್ಚಿಗಳು ಮರುದಿನವೇ ತುಂಬುತ್ತಿದ್ದವು. ಅದು ಆತನಿಗೆ ಚೆನ್ನಾಗಿ ಗೊತ್ತಿತ್ತು.

ಈ ಹೊತ್ತಿನಲ್ಲಿ ಕೈಹಿಡಿದವರು ವೇಲನ್ ಜೆನ್ನಿಂಗ್ಸ್. ನ್ಯಾಶ್‌ವಿಲ್ ಕಂಪನಿಗಳ ಹಿಡಿತಕ್ಕೆ ಸಿಗದೆ ತಮ್ಮ ತಂಡ, ತಮ್ಮ ಸದ್ದು ಎಂದು ಹಟ ಹಿಡಿದು ಗೆದ್ದಿದ್ದ ಹಿರಿಯರು. 1977ರ ಒಂದು ಆಲ್ಬಂ ತಯಾರಿಕೆಯಲ್ಲಿ ಕೈಜೋಡಿಸಿದರು. ತಮ್ಮ ಪ್ರವಾಸಗಳಲ್ಲಿ, ತಮಗಿಂತ ಮುಂಚೆ ಹಾಡಲು ಈತನನ್ನು ಕರೆದೊಯ್ದರು. ಇದರ ಲಾಭ ಬರೀ ಹಣದ್ದಲ್ಲ. ಜೆನ್ನಿಂಗ್ಸ್ ಕೇಳಲು ಬಂದವರು ತಂದೆಯ ಹಾಡಿಗಾಗಿ ಬಂದವರಲ್ಲ. ಆತನಿಗೆ ಮೊದಲ ಸಲ, ತನ್ನಿಂದ ಏನನ್ನೂ ಮೊದಲೇ ನಿರೀಕ್ಷಿಸದ ಕೇಳುಗರು ಸಿಕ್ಕರು. ಹೊಸ ಕಲಾವಿದನಿಗೆ ಸಹಜವಾಗಿ ಸಿಗುವ ಈ ಭಾಗ್ಯ, ಇಪ್ಪತ್ತು ವರ್ಷ ವೇದಿಕೆಯ ಮೇಲಿದ್ದವನಿಗೆ ಆಗ ಸಿಕ್ಕಿತು.

ನಮ್ಮಲ್ಲೂ ಹಿರಿಯ ಕಲಾವಿದರ ಮಕ್ಕಳು ಮೊದಲ ಸಲ ಹಾಡಿದಾಗ, ಕುಣಿದಾಗ, ವೇಷ ಕಟ್ಟಿದಾಗ ನಾವು ಹುಡುಕುವುದು ಅಪ್ಪನನ್ನೋ ಅಜ್ಜನನ್ನೋ. ಸಿಕ್ಕರೆ ಸಂತೋಷಪಡುತ್ತೇವೆ, ಆ ಸಂತೋಷವನ್ನು ಮಗುವಿಗೆ ಹೇಳಿಯೂ ಬಿಡುತ್ತೇವೆ. ಆ ಮಾತು ಮಗುವಿನೊಳಗೆ ಏನು ಮಾಡುತ್ತದೆಂದು ಯೋಚಿಸಲು ಈ ಪ್ರಕರಣ ಒಂದು ಕಾರಣ ಕೊಡುತ್ತದೆ. ಮಗುವಿಗೆ ಅಪ್ಪನ ಪರಿಚಯವಿಲ್ಲದ ಗುರು, ಅಪ್ಪನ ಪರಿಚಯವಿಲ್ಲದ ಸಭೆ, ಎರಡರಲ್ಲಿ ಒಂದಾದರೂ ಬೇಗ ಸಿಗಬೇಕು.

ಫಲ

1979ರಲ್ಲಿ ಬಂದ ಹಾಡು ಎಲ್ಲವನ್ನೂ ಬದಲಿಸಿತು. ನೀನೇಕೆ ಕುಡಿಯುತ್ತೀಯ, ನೀನೇಕೆ ಹೀಗೆ ಬದುಕುತ್ತೀಯ, ನಿನ್ನಪ್ಪನ ಹಾಡಿನಂತೆ ನೀನೂ ಯಾಕೆ ಬದುಕಬೇಕು ಎಂದು ಜನ ಕೇಳುವ ಪ್ರಶ್ನೆಗಳನ್ನೇ ಎತ್ತಿಕೊಂಡು, ಇದು ನಮ್ಮ ಮನೆತನದ ರೂಢಿ ಎಂದು ಗಟ್ಟಿಯಾಗಿ ಹೇಳುವ ಹಾಡು. ಕಂಟ್ರಿ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಬಂತು. ಅದೇ ವರ್ಷದ ಇನ್ನೊಂದು ಎರಡನೇ ಸ್ಥಾನಕ್ಕೆ. ತಂದೆಯ ವಿಷಯವನ್ನು ಬಿಟ್ಟು ಓಡಿದ ಮೇಲೆ ಬಂದ ಯಶಸ್ಸಲ್ಲ ಇದು ಎಂಬುದನ್ನು ಗಮನಿಸಬೇಕು. 1966ರಲ್ಲೂ ಆತ ತಂದೆಯ ಕುರಿತೇ ಬರೆದಿದ್ದ. ಆಗ ನೆರಳಲ್ಲಿ ನಿಂತವನ ವಿನಯವಿತ್ತು, ಕೇಳುಗರ ಕರುಣೆಯಿತ್ತು. ಈಗ ಅದೇ ಮನೆತನದ ಅಂಗಳದಲ್ಲಿ ಮನೆಯ ಯಜಮಾನನಂತೆ ನಿಂತು ಮಾತಾಡಿದ. ತಂದೆ ತೀರಿಕೊಂಡ ವಯಸ್ಸನ್ನು ಮಗ ದಾಟಿದ್ದು 1978ರ ಸೆಪ್ಟೆಂಬರ್‌ನಲ್ಲಿ, ಈ ಹಾಡಿಗೆ ಕೆಲವೇ ತಿಂಗಳ ಮುಂಚೆ. ಆ ಮೇಲಿನ ವಯಸ್ಸಿಗೆ ತಂದೆಯ ಮಾದರಿ ಇರಲಿಲ್ಲ. ಬದುಕಲು ಬೇಕಿದ್ದದ್ದನ್ನು ತಾನೇ ಮಾಡಿಕೊಳ್ಳಬೇಕಿತ್ತು.

ಮುಂದಿನದನ್ನು ಬೇಗ ಹೇಳಬಹುದು. 1982ರಲ್ಲಿ ಆತನ ಒಂಬತ್ತು ಆಲ್ಬಂಗಳು ಒಂದೇ ಹೊತ್ತಿಗೆ ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಲ್ಲಿದ್ದವು. 1987 ಮತ್ತು 1988ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಕಲಾವಿದ ಪ್ರಶಸ್ತಿ. ಒಂದು ಕಾಲಕ್ಕೆ ಕೇಳುಗರನ್ನು ಓಡಿಸಿದ ಗಿಟಾರ್ ಗುಡುಗು, ಹತ್ತು ವರ್ಷದಲ್ಲಿ ಕಂಟ್ರಿ ಸಂಗೀತದ ಮುಖ್ಯ ದನಿಗಳಲ್ಲಿ ಒಂದಾಯಿತು.

ಆಮೇಲೆ 1989. ತಂದೆ ಗಿಟಾರ್ ಒಂದನ್ನೇ ನುಡಿಸಿಕೊಂಡು ಹಾಡಿದ, ಬಿಡುಗಡೆಯಾಗದೆ ಉಳಿದ ಒಂದು ಹಳೆಯ ಧ್ವನಿಮುದ್ರಿಕೆ ಸಿಕ್ಕಿತು. ಮಗ ಅದಕ್ಕೆ ತನ್ನ ದನಿ ಸೇರಿಸಿದ. ವಿಡಿಯೋದಲ್ಲಿ ತಂದೆಯ ಹಳೆಯ ಚಿತ್ರಸುರುಳಿಯೊಳಗೆ ಮಗನನ್ನು ಸೇರಿಸಿ ಇಬ್ಬರೂ ಜೊತೆಯಾಗಿ ಹಾಡುವಂತೆ ಮಾಡಿದರು. ಗ್ರ್ಯಾಮಿ ಬಂತು. ತಾಂತ್ರಿಕವಾಗಿ ಇದು 1965ರಲ್ಲಿ ಮಾಡಿದ್ದೇ: ಸತ್ತವರ ಧ್ವನಿ, ಬದುಕಿರುವವನ ಧ್ವನಿ, ಸ್ಟುಡಿಯೋದ ಬೆಸುಗೆ. ಆದರೆ ಎರಡನ್ನೂ ಒಂದರ ಹಿಂದೊಂದು ಕೇಳಿದರೆ ವ್ಯತ್ಯಾಸ ಕಿವಿಗೆ ಬಡಿಯುತ್ತದೆ. ಮೊದಲನೆಯದರಲ್ಲಿ ಹುಡುಗ ತಂದೆಯ ಬೆನ್ನ ಹಿಂದೆ ನಡೆಯುತ್ತಾನೆ. ಎರಡನೆಯದರಲ್ಲಿ ನಲವತ್ತರ ಮಗ ಇನ್ನೂ ಮೂವತ್ತು ಮುಟ್ಟದ ತಂದೆಯನ್ನು, ತನಗಿಂತ ಕಿರಿಯನನ್ನು, ಹೆಗಲ ಮೇಲೆ ಕೈಹಾಕಿ ಕರೆತರುತ್ತಾನೆ. ಯಾರು ನಿರ್ಧರಿಸಿದರು ಎಂಬ ಒಂದೇ ಸಂಗತಿ ಒಂದೇ ಕೆಲಸವನ್ನು ಎರಡು ಬೇರೆ ಕೆಲಸವಾಗಿಸಿತು. ಪರಂಪರೆಯನ್ನು ಒಪ್ಪಬೇಕೋ ಬಿಡಬೇಕೋ ಎಂಬ ಚರ್ಚೆ ನಡೆದಾಗಲೆಲ್ಲ ನಾನು ಈ ಎರಡು ಧ್ವನಿಮುದ್ರಣಗಳನ್ನು ನೆನೆಯುತ್ತೇನೆ. ಬೇಡವೆನ್ನಲು ಬಂದವನಿಗೆ ಮಾತ್ರ ಒಪ್ಪಲು ಬರುತ್ತದೆ.

ಲೆಕ್ಕಕ್ಕೆ ಬರಬೇಕಾದ ಇನ್ನೊಂದು ಬದಿ

ಗೆಲುವನ್ನಷ್ಟೇ ಬರೆದು ನಿಲ್ಲಿಸಿದರೆ ಅಧ್ಯಯನ ಅರ್ಧವಾಗುತ್ತದೆ. ಸದರ್ನ್ ರಾಕ್ ಆತನಿಗೆ ಸ್ವಂತ ದನಿ ಕೊಟ್ಟಿತು, ಜೊತೆಗೆ ದಕ್ಷಿಣದವನೆಂಬ ಗತ್ತನ್ನೂ ಕೊಟ್ಟಿತು. ಆ ಗತ್ತಿನ ಜೊತೆ ಬಂದದ್ದು ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ಕಾದಾಡಿದ ದಕ್ಷಿಣದ ಪಡೆಗಳ ಬಾವುಟ. ಆ ಕಾಲದ ಹಲವು ತಂಡಗಳು ಅದನ್ನು ವೇದಿಕೆಯ ಮೇಲೆ ಹಾರಿಸಿದವು, ಈತನೂ ಹಾರಿಸಿದ. 1988ರಲ್ಲಿ ದಕ್ಷಿಣವೇ ಗೆದ್ದಿದ್ದರೆ ಹೇಗಿರುತ್ತಿತ್ತು ಎಂಬ ಹಾಡನ್ನೂ ಹಾಡಿದ. ಇದು ನನಗೆ ನೋವಿನ ವಿಷಯ. ತಂದೆಗೆ ಗಿಟಾರ್ ಹೇಳಿಕೊಟ್ಟವನು ಕಪ್ಪು ಮನುಷ್ಯ. ಮಗನಿಗೆ ಬಿಡುಗಡೆ ಕೊಟ್ಟ ಮಸಲ್ ಶೋಲ್ಸ್ ಕಪ್ಪು ಗಾಯಕರ ದನಿಯಿಂದ ಬೆಳೆದ ಊರು. ಆಲ್‌ಮನ್ ಬ್ರದರ್ಸ್ ತಂಡದಲ್ಲಿ ಮೊದಲ ದಿನದಿಂದ ಕಪ್ಪು ಡ್ರಮ್ಮರ್ ಇದ್ದ. ಇಷ್ಟೆಲ್ಲ ಪಡೆದ ಸಂಗೀತಕ್ಕೆ ಆ ಬಾವುಟ ಹೊಂದುವುದಿಲ್ಲ. ಒಬ್ಬರ ನೆರಳಿನಿಂದ ಹೊರಬರುವವನು ಒಂದು ಗುಂಪಿನ ಆಸರೆ ಹಿಡಿಯುತ್ತಾನೆ, ಆ ಗುಂಪು ಹೇಳಿದ್ದನ್ನೆಲ್ಲ ಹೇಳತೊಡಗುತ್ತಾನೆ. ಈ ಅಪಾಯವನ್ನು ಕಲಿಸುವವರು ಮೊದಲೇ ಎಚ್ಚರಿಸಬೇಕು. 1989ರಿಂದ ಅಮೆರಿಕನ್ ಫುಟ್‌ಬಾಲಿನ ಸೋಮವಾರ ರಾತ್ರಿಯ ಪ್ರಸಾರ ಆತನ ಹಾಡಿನಿಂದಲೇ ಶುರುವಾಗುತ್ತಿತ್ತು. 2011ರಲ್ಲಿ ಟಿವಿ ಸಂದರ್ಶನವೊಂದರಲ್ಲಿ ಅಂದಿನ ಅಧ್ಯಕ್ಷರ ಕುರಿತು ಹಿಟ್ಲರ್‌ನನ್ನು ಎಳೆತಂದು ಆಡಿದ ಮಾತಿಗೆ ಅದು ಕೈತಪ್ಪಿತು, 2017ರಲ್ಲಿ ಮರಳಿ ಬಂತು.

ಇನ್ನೊಂದು, ತಂಗಿಯ ವಿಷಯ. ತಂದೆ ತೀರಿಕೊಂಡ ಐದು ದಿನಕ್ಕೆ ಬೇರೊಬ್ಬಾಕೆಯಲ್ಲಿ ಒಬ್ಬ ಮಗಳು ಹುಟ್ಟಿದ್ದಳು. ದತ್ತು ಹೋಗಿ ಬೆಳೆದ ಆಕೆಗೆ ತನ್ನ ತಂದೆ ಯಾರೆಂದು ತಿಳಿದದ್ದು ದೊಡ್ಡವಳಾದ ಮೇಲೆ. ಹಕ್ಕು ಕೇಳಿ ನ್ಯಾಯಾಲಯಕ್ಕೆ ಹೋದಾಗ ಅಣ್ಣನ ಕಡೆಯವರು ಎದುರು ನಿಂತರು. ಆಕೆಯೂ ವಾರಸುದಾರಳೆಂದು ಅಲಬಾಮಾದ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1989ರಲ್ಲಿ, ತಂದೆಯ ಜೊತೆಗಿನ ಹಾಡು ಬಂದ ಅದೇ ವರ್ಷ. ಹೆಸರಿನ ಭಾರದಲ್ಲಿ ಬೆಂದವನಿಗೆ ಆ ಹೆಸರನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳುವುದು ಸುಲಭವಾಗಲಿಲ್ಲ. ತಂದೆಯ ಹಳೆಯ ರೇಡಿಯೋ ಧ್ವನಿಮುದ್ರಣಗಳ ಹಕ್ಕಿನ ಪ್ರಶ್ನೆ ಬಂದಾಗ ಅಣ್ಣ ತಂಗಿ ಇಬ್ಬರೂ ಒಂದೇ ಕಡೆ ನಿಂತರು, ಗೆದ್ದರು.

ಮೂರನೇ ತಲೆಮಾರು

2020ರಲ್ಲಿ ಆತನ ಹೆಸರು ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾಯಿತು. 1961ರಲ್ಲಿ ಆ ಗೌರವ ಪಡೆದ ಮೊದಲ ಮೂವರಲ್ಲಿ ತಂದೆ ಒಬ್ಬರು. ನಡುವೆ ಹೆಚ್ಚುಕಡಿಮೆ ಅರವತ್ತು ವರ್ಷ.

ಆದರೆ ನನಗೆ ಹೆಚ್ಚು ಕುತೂಹಲ ಇರುವುದು ಮೊಮ್ಮಗನ ವಿಷಯದಲ್ಲಿ. ಆತನ ಹೆಸರಿನ ಕೊನೆಗೂ ಒಂದು ಅಂಕಿ, ಮೂರನೆಯವನೆಂಬ ಗುರುತು, ಸೇರಿತು. ಪಂಕ್ ತಂಡಗಳಲ್ಲಿ ಡ್ರಮ್ ಬಾರಿಸುತ್ತ ಬೆಳೆದ ಹುಡುಗ. ಎತ್ತರ, ಸಣಕಲು ಮೈ, ಮುಖ, ಮೂಗಿನ ದನಿ ಎಲ್ಲವೂ ಅಜ್ಜನದೇ, ಅಪ್ಪನಿಗಿಂತಲೂ ಹತ್ತಿರ. 1996ರಲ್ಲಿ ರೆಕಾರ್ಡ್ ಕಂಪನಿಯೊಂದು ಅಜ್ಜ, ಅಪ್ಪ, ಮೊಮ್ಮಗ ಮೂವರ ದನಿಯನ್ನೂ ಬೆಸೆದು ಆಲ್ಬಂ ಹೊರತಂದಿತು. 1965ರ ಅದೇ ಕೆಲಸ, ಈ ಸಲ ಮೂರು ಪದರ. ಅಪ್ಪನಿಗೆ ಅದರ ರುಚಿ ಏನೆಂದು ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು, ಆದರೂ ಅದು ನಡೆಯಿತು. ಒಂದು ತಲೆಮಾರು ಕಷ್ಟಪಟ್ಟು ಕಲಿತದ್ದು ಮುಂದಿನ ತಲೆಮಾರಿಗೆ ತಾನಾಗಿ ದಾಟುವುದಿಲ್ಲ. ಅದನ್ನು ಯಾರಾದರೂ ಕೂತು ಹೇಳಬೇಕು.

ಮೊಮ್ಮಗ ತನ್ನ ಉತ್ತರವನ್ನು ತಾನೇ ಕಂಡುಕೊಂಡ. ಕಂಪನಿಯೊಡನೆ ವರ್ಷಗಟ್ಟಲೆ ಜಗಳವಾಡಿದ. ಕಾರ್ಯಕ್ರಮವನ್ನು ಭಾಗ ಮಾಡಿದ. ಮೊದಲ ಭಾಗದಲ್ಲಿ ಫಿಡ್ಲ್, ಸ್ಟೀಲ್ ಗಿಟಾರ್ ಇಟ್ಟುಕೊಂಡು ಹಳೆಯ ವರಸೆಯ ಕಂಟ್ರಿ, ಅಜ್ಜನನ್ನು ಹುಡುಕಿ ಬಂದವರಿಗೆ. ಆಮೇಲೆ ಕಿವಿ ಗಡಚಿಕ್ಕುವ ಪಂಕ್ ಮತ್ತು ಮೆಟಲ್. ಹೋಗುವವರು ಹೋಗಬಹುದು, ಉಳಿಯುವವರು ಉಳಿಯಬಹುದು. ಅಪ್ಪನ ಕಾಲದಲ್ಲಿ ಖಾಲಿ ಕುರ್ಚಿಗಳು ಸೋಲಿನ ಲೆಕ್ಕವಾಗಿದ್ದವು, ಮಗನ ಕಾರ್ಯಕ್ರಮದಲ್ಲಿ ಅವುಗಳಿಗೆ ಮೊದಲೇ ಜಾಗ ಗೊತ್ತುಮಾಡಲಾಗಿತ್ತು.